ಮುಂದಾಳಿನ ಅಳುಕು

(ಕಲ್ಯಾಣಪುರದಲ್ಲಿ ಗ್ರಾಮ ಮುಂದಾಳುಗಳ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಈ ಶಿಬಿರದಲ್ಲಿ ಲೆಕ್ಕಪತ್ರ, ಕುಡಿಯುವ ನೀರು, ಕಸದ ವಿಲೇವಾರಿ ಮೊದಲಾದ ವಿಷಯಗಳ ಮೇಲೆ ತಿಳಿದವರ ಮಾತುಗಳನ್ನು ನೀವು ಕೇಳಿದ್ದೀರಿ. ನನಗೆ ಒಪ್ಪಿಸಿದ ವಿಷಯ ಆ ಸಾಲಿಗೆ ಸೇರಿದ್ದಲ್ಲವೆಂದು ಮೊದಲ ನೋಟಕ್ಕೆ ತೋರಬಹುದು. ಊರವರು ಆರಿಸಿ ಕೂರಿಸಿದ ಮೇಲೆ ಮನಸ್ಸಿನೊಳಗೆ ಏಳುವ ಒಂದು ಅಳುಕಿನ ವಿಷಯವದು. "ಈ ಕೆಲಸಕ್ಕೆ ನಾನು ಸಾಲದು. ನನಗಿಂತ ಓದಿದವರಿದ್ದಾರೆ, ಮಾತು ಬಲ್ಲವರಿದ್ದಾರೆ. ಒಂದಲ್ಲ ಒಂದು ದಿನ ನನ್ನ ಬಂಡವಾಳ ಬಯಲಾಗುತ್ತದೆ" ಎಂಬ ಅಳುಕು.

ಪಂಚಾಯತಿನಲ್ಲಿ ಕುಳಿತವರು, ನಾಳೆ ಕುಳಿತುಕೊಳ್ಳಲಿರುವವರು, ಹಾಲಿನ ಸೊಸೈಟಿಯ ನಿರ್ದೇಶಕರು, ಸ್ವಸಹಾಯ ಗುಂಪಿನ ಪ್ರತಿನಿಧಿಗಳು, ಯುವಕ ಮಂಡಲದ ಕಾರ್ಯದರ್ಶಿಗಳು ಇಲ್ಲಿದ್ದೀರಿ. ಈ ಅಳುಕು ಒಮ್ಮೆಯೂ ಬಾರದವರು ನಿಮ್ಮಲ್ಲಿ ಎಷ್ಟು ಮಂದಿ ಎಂದು ಕೈ ಎತ್ತಿಸಲು ನಾನು ಹೋಗುವುದಿಲ್ಲ. ಯಾರೂ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ಪ್ರತಿಯೊಬ್ಬರೂ ಇದು ತನಗೊಬ್ಬನಿಗೇ ಇರುವ ಕೊರತೆ ಎಂದು ತಿಳಿಯುತ್ತಾರೆ.

ಇದು ಸ್ವಂತದ ಮಾತಲ್ಲವೇ, ಊರಿನ ಅಭಿವೃದ್ಧಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳವಿದೆ. 1952ರ ಅಕ್ಟೋಬರ್ 2ರಂದು ನಮ್ಮ ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಐದು ವರ್ಷಗಳ ನಂತರ, 1957ರಲ್ಲಿ, ಬಲವಂತರಾಯ್ ಮೆಹತಾ ಸಮಿತಿ ಅದನ್ನು ಪರಿಶೀಲಿಸಿತು. ಊರಿನ ಜನ ತಾವಾಗಿ ಮುಂದೆ ಬರುವಂತೆ ಮಾಡುವುದರಲ್ಲಿ ಯೋಜನೆ ಸಾಕಷ್ಟು ಸಫಲವಾಗಿಲ್ಲವೆಂದು ಸಮಿತಿ ಕಂಡಿತು. ಜನರು ಆರಿಸಿದ ಸಂಸ್ಥೆಗಳಿಗೇ ಅಧಿಕಾರವನ್ನೂ ಹಣವನ್ನೂ ಕೊಡಬೇಕೆಂದು ಹೇಳಿತು. ಇಂದಿನ ಪಂಚಾಯತ್ ರಾಜ್ಯದ ಬೇರು ಅಲ್ಲಿದೆ. ಸಿಮೆಂಟು, ಗೊಬ್ಬರ, ಅಧಿಕಾರಿಗಳು ಇವೆಲ್ಲ ಹೊರಗಿನಿಂದ ಬರಬಹುದು. ಊರಿನ ಮುಂದಾಳು ಮಾತ್ರ ಊರಿನಿಂದಲೇ ಬರಬೇಕು. ಆ ಮುಂದಾಳು ಅಳುಕಿನಿಂದ ಕುಗ್ಗಿದರೆ ಕುರ್ಚಿ ತುಂಬಿದ್ದೂ ಬರಿದಾಗಿರುತ್ತದೆ.

ಅಳುಕನ್ನು ಬಚ್ಚಿಟ್ಟರೆ ಏನಾಗುತ್ತದೆ?

ಅಳುಕು ಬರುವುದರಿಂದ ಊರಿಗೆ ನಷ್ಟವಿಲ್ಲ. ಅದನ್ನು ಬಚ್ಚಿಡುವುದರಿಂದ ನಷ್ಟವಿದೆ. ಬಚ್ಚಿಡುವವರು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ.

ಮೊದಲನೆಯದು ಮೌನ. ಸಭೆಯಲ್ಲಿ ವಿಷಯಗಳನ್ನು ಓದುತ್ತಾರೆ. ಅರ್ಥವಾಗಲಿಲ್ಲ. ಕೇಳಿದರೆ "ಇಷ್ಟೂ ಗೊತ್ತಿಲ್ಲವೇ" ಎಂದಾರೆಂದು ತಲೆ ಆಡಿಸುತ್ತಾರೆ. ನಡವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ ಒಪ್ಪಲಾಯಿತು" ಎಂದು ಬರೆದಾಗುತ್ತದೆ. ಆ ಸರ್ವಾನುಮತದಲ್ಲಿ ಅರ್ಧ ಜನರ ಮತವೇ ಇರುವುದಿಲ್ಲ.

ಎರಡನೆಯದು ಅಬ್ಬರ. ಒಳಗಿನ ಅಳುಕು ಹೊರಗೆ ಕಾಣಬಾರದೆಂದು ದೊಡ್ಡ ಸ್ವರ ತೆಗೆಯುತ್ತಾರೆ. ಪ್ರಶ್ನೆ ಕೇಳಿದವನ ಮೇಲೆ ಹರಿಹಾಯುತ್ತಾರೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ನಿಮಗೆ ಗೊತ್ತು. ಯಕ್ಷಗಾನದ ಊರಿನವರಿಗೆ ಆ ಪ್ರಸಂಗವನ್ನು ನಾನು ವಿವರಿಸಬೇಕಾಗಿಲ್ಲ. ಅಂತಃಪುರದಲ್ಲಿ ಕೊಚ್ಚಿಕೊಂಡ ಉತ್ತರಕುಮಾರ ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದ. ಅಬ್ಬರವೂ ಓಟವೂ ಒಂದೇ ಭಯದ ಎರಡು ವೇಷಗಳು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಕೆಲಸವನ್ನು ಇನ್ನೊಬ್ಬರ ಕೈಗೆ ಬಿಟ್ಟುಕೊಡುವುದು. "ನನಗೆ ಇದೆಲ್ಲ ತಿಳಿಯದು, ನೀವೇ ನೋಡಿಕೊಳ್ಳಿ" ಎಂದು ಗಂಡನಿಗೆ, ಭಾವನಿಗೆ, ಗುತ್ತಿಗೆದಾರನಿಗೆ, ಮಾಜಿ ಸದಸ್ಯನಿಗೆ ಒಪ್ಪಿಸಿಬಿಡುವುದು. ಹಿಂದೆ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವವರಿದ್ದರು. ಈಗ ಹಣ ಪಾವತಿಗೆ ಡಿಜಿಟಲ್ ಸಹಿ ಬಂದಿದೆ. ಆ ಸಹಿಯ ಕೀಲಿ ಇನ್ನೊಬ್ಬರ ಜೇಬಿನಲ್ಲಿದ್ದರೆ ಸಂಗತಿ ಹಳೆಯದೇ. ಜನ ಮತ ಕೊಟ್ಟಿದ್ದು ಒಬ್ಬರಿಗೆ, ಆಳುವವರು ಮತ್ತೊಬ್ಬರು. ನಾಳೆ ಲೆಕ್ಕದಲ್ಲಿ ತಪ್ಪು ಬಂದರೆ ಉತ್ತರ ಹೇಳಬೇಕಾದವರು ಸಹಿಯ ಒಡೆಯರೇ ಹೊರತು ಕೀಲಿ ಇಟ್ಟುಕೊಂಡವರಲ್ಲ. ಅಳುಕು ಒಬ್ಬರ ಮನಸ್ಸಿನಲ್ಲಿ ಹುಟ್ಟಿ ಇಡೀ ಊರಿನ ಹಕ್ಕನ್ನು ಕಳೆಯುವುದು ಹೀಗೆ.

ಎರಡು ಅಳುಕುಗಳನ್ನು ಬೇರೆ ಮಾಡಿರಿ

ಅಕ್ಕಿಯನ್ನೂ ಕಲ್ಲನ್ನೂ ಬೇರೆ ಮಾಡುವಂತೆ ಇದರಲ್ಲಿ ಎರಡನ್ನು ಬೇರೆ ಮಾಡಬೇಕು. "ನನಗೆ ಇದು ತಿಳಿಯದು" ಎಂಬುದು ಒಂದು. "ನಾನು ಇದಕ್ಕೆ ತಕ್ಕವನಲ್ಲ" ಎಂಬುದು ಇನ್ನೊಂದು. ಮನಸ್ಸಿನಲ್ಲಿ ಇವೆರಡೂ ಕಲೆತು ಒಂದೇ ಭಾರವಾಗಿ ಕುಳಿತಿರುತ್ತವೆ. ಬೇರೆ ಮಾಡಿ ನೋಡಿದರೆ ಮೊದಲನೆಯದು ನಿಜವಾಗಿರಬಹುದು. ಅದಕ್ಕೆ ಮದ್ದೂ ಇದೆ. ಎರಡನೆಯದು ಬಹುಮಟ್ಟಿಗೆ ಬೇರೆಯವರ ಅಳತೆಗೋಲಿನಿಂದ ನಮ್ಮನ್ನು ನಾವೇ ಅಳೆದುಕೊಂಡದ್ದು.

ಓದಿದವರಿಗೆ ಈ ಎರಡನೆಯ ಅಳುಕು ಇಲ್ಲವೆಂದು ಭಾವಿಸಬೇಡಿ. 1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಮನೋವಿಜ್ಞಾನಿಗಳು ಈ ವಿಷಯದ ಮೇಲೆ ಒಂದು ಲೇಖನ ಪ್ರಕಟಿಸಿದರು. ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಹೆಸರು ಮಾಡಿದ 150ಕ್ಕೂ ಹೆಚ್ಚು ಮಹಿಳೆಯರನ್ನು ಅವರು ಗಮನಿಸಿದ್ದರು. ಪದವಿಗಳೂ ಮನ್ನಣೆಯೂ ಇದ್ದ ಆ ಮಹಿಳೆಯರಲ್ಲಿ "ನಾನು ನಿಜಕ್ಕೂ ಬುದ್ಧಿವಂತೆಯಲ್ಲ, ಜನರು ಮೋಸಹೋಗಿದ್ದಾರೆ" ಎಂಬ ಭಾವನೆ ಬೇರೂರಿದ್ದುದನ್ನು ಅವರು ಕಂಡರು. ಹಾಗಾದರೆ "ಇನ್ನೆರಡು ತರಗತಿ ಓದಿದ್ದರೆ ನನಗೆ ಅಳುಕೇ ಇರುತ್ತಿರಲಿಲ್ಲ" ಎಂಬ ನಿಮ್ಮ ಮಾತು ಪೂರ್ತಿ ಸರಿಯಲ್ಲ. ಓದು ತಿಳಿವಳಿಕೆಯನ್ನು ಕೊಡುತ್ತದೆ. ಅಳುಕು ಹೋಗುವ ದಾರಿ ಬೇರೆ ಇದೆ.

ತಿಳಿಯದ್ದನ್ನು ಕೇಳುವ ಬಗೆ

ಮೊದಲನೆಯದಕ್ಕೆ, ಅಂದರೆ ತಿಳಿಯದು ಎಂಬುದಕ್ಕೆ, ಕೇಳುವುದೇ ಮದ್ದು. ಕೇಳುವುದಕ್ಕೂ ಒಂದು ಕ್ರಮವಿದೆ.

ಸಭೆಯ ವಿಷಯಪಟ್ಟಿ ಕೈಗೆ ಬಂದ ದಿನವೇ ಓದಿರಿ, ಇಲ್ಲವೆ ಓದಿಸಿ ಕೇಳಿರಿ. ತಿಳಿಯದ ಶಬ್ದಕ್ಕೆ ಗೆರೆ ಎಳೆಯಿರಿ. ಸಭೆಗೆ ಮುಂಚೆಯೇ ಅಭಿವೃದ್ಧಿ ಅಧಿಕಾರಿಯವರ ಬಳಿ ಹೋಗಿ, "ಇದನ್ನು ನನಗೆ ತಿಳಿಯುವಂತೆ ಹೇಳಿ" ಎಂದು ಕೇಳಿರಿ. ಕನ್ನಡದಲ್ಲಿ ಕೇಳಿರಿ, ತುಳುವಿನಲ್ಲಿ ಕೇಳಿರಿ, ಕೊಂಕಣಿಯಲ್ಲಿ ಕೇಳಿರಿ. ತಿಳಿಸಿಕೊಡುವುದು ಅವರು ನಿಮಗೆ ಮಾಡುವ ಉಪಕಾರವಲ್ಲ, ಅವರ ಕೆಲಸ. ಒಮ್ಮೆಗೆ ತಿಳಿಯದಿದ್ದರೆ ಎರಡನೆಯ ಸಲ ಕೇಳಿರಿ.

ಬಿಲ್ಲಿಗೆ ಒಪ್ಪಿಗೆ ಕೊಡುವ ಮೊದಲು ಐದು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಿರಲಿ. ಈ ಕೆಲಸ ಯಾವ ಸಭೆಯಲ್ಲಿ ಒಪ್ಪಿಗೆಯಾಯಿತು? ಅಂದಾಜು ಎಷ್ಟಿತ್ತು? ಹಣ ಯಾವ ಬಾಬಿನಿಂದ ಬರುತ್ತದೆ? ಆದ ಕೆಲಸವನ್ನು ಅಳೆದವರು ಯಾರು, ಅಳತೆ ಪುಸ್ತಕದಲ್ಲಿ ಬರೆದಾಗಿದೆಯೇ? ನಮ್ಮಲ್ಲಿ ಯಾರಾದರೂ ಹೋಗಿ ಕಣ್ಣಾರೆ ನೋಡಿದ್ದಾರೆಯೇ? ಇವುಗಳಲ್ಲಿ ಯಾವುದಕ್ಕೂ ಇಂಜಿನಿಯರಿಂಗ್ ವಿದ್ಯೆ ಬೇಕಿಲ್ಲ. ಮನೆ ಕಟ್ಟಿಸಿದವರು ಮೇಸ್ತ್ರಿಯನ್ನು ಕೇಳುವ ಪ್ರಶ್ನೆಗಳೇ ಇವು. ಉತ್ತರ ಸಿಗದಿದ್ದರೆ "ಇದನ್ನು ಮುಂದಿನ ಸಭೆಗೆ ಇಡೋಣ" ಎನ್ನಿರಿ. ಕೇಳಿದವರನ್ನು ಒಂದು ದಿನ ನಕ್ಕಾರು. ಓದದೆ ಸಹಿ ಹಾಕಿದವರಿಗೆ ಬರುವ ಕಷ್ಟ ಒಂದು ದಿನಕ್ಕೆ ಮುಗಿಯುವುದಿಲ್ಲ.

ಅಲ್ಲದೆ, ಒಬ್ಬರು ಕೇಳಿದರೆ ಅದೇ ಪ್ರಶ್ನೆಯನ್ನು ನುಂಗಿಕೊಂಡು ಕುಳಿತ ಇನ್ನು ನಾಲ್ವರಿಗೆ ಉಸಿರು ಬರುತ್ತದೆ. ತಿಳಿಯದೆಂದು ಒಪ್ಪುವ ಅಧ್ಯಕ್ಷರ ಸಭೆಯಲ್ಲಿ ಉಳಿದವರಿಗೂ ನಿಜ ಹೇಳುವ ಧೈರ್ಯ ಬರುತ್ತದೆ.

ತಕ್ಕವನಲ್ಲ ಎಂಬ ಮಾತು

ಇನ್ನು ಎರಡನೆಯ ಅಳುಕಿಗೆ ಬರೋಣ. ಸಭೆಯಲ್ಲಿ ನಾಲಗೆ ಹೊರಳದ ಒಬ್ಬ ತರುಣನ ಕಥೆಯನ್ನು ಹೇಳುತ್ತೇನೆ. ಅವನು ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ಅಲ್ಲಿನ ಸಸ್ಯಾಹಾರಿಗಳ ಸಂಘದ ಸಮಿತಿಗೆ ಸದಸ್ಯನಾದ. ಸಭೆಗಳಲ್ಲಿ ಬಾಯಿ ತೆರೆಯಲಾರ. ಒಮ್ಮೆ ಹೇಳಲೇಬೇಕಾದ ಮಾತನ್ನು ಕಾಗದದಲ್ಲಿ ಬರೆದುಕೊಂಡು ಹೋದ. ಓದಲು ಧೈರ್ಯ ಸಾಲದೆ ಬೇರೊಬ್ಬರು ಅದನ್ನು ಓದಬೇಕಾಯಿತು. 1891ರಲ್ಲಿ ಊರಿಗೆ ಮರಳಿ ಮುಂಬಯಿಯಲ್ಲಿ ವಕೀಲಿ ಆರಂಭಿಸಿದ. ಮೊದಲ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತರೆ ತಲೆ ತಿರುಗಿತು. ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟ. ಮೊಕದ್ದಮೆಯನ್ನು ಬೇರೆ ವಕೀಲರಿಗೆ ಒಪ್ಪಿಸಬೇಕೆಂದು ಹೇಳಿ ನ್ಯಾಯಾಲಯದಿಂದ ಹೊರಟುಹೋದ. ಈ ತರುಣ ಯಾರೆಂದು ನಿಮಗೆ ತಿಳಿದಿರಬೇಕು. ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿಟ್ಟವರು ಮಹಾತ್ಮಾ ಗಾಂಧಿ.

ಆ ನಾಲಗೆ ಹೊರಳಿದ್ದು ಎಲ್ಲಿ? 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ. ಅಲ್ಲಿನ ಭಾರತೀಯರನ್ನು ಕೂಡಿಸಿ, ವ್ಯಾಪಾರದಲ್ಲಿ ಸತ್ಯ ನಡೆಸುವುದನ್ನು ಕುರಿತು ಅವರು ಮಾತನಾಡಿದರು. ಅದು ತಮ್ಮ ಜೀವಮಾನದ ಮೊದಲ ಸಾರ್ವಜನಿಕ ಭಾಷಣವೆಂದು ಅವರೇ ಹೇಳಿದ್ದಾರೆ. ಎರಡೇ ವರ್ಷದ ಅಂತರದಲ್ಲಿ ಏನು ಬದಲಾಯಿತು? ಹೇಳಬೇಕಾದ ವಿಷಯವನ್ನು ಅವರು ಚೆನ್ನಾಗಿ ಸಿದ್ಧಮಾಡಿಕೊಂಡಿದ್ದರು. ಎದುರಿಗಿದ್ದ ಜನರ ಕಷ್ಟ ಕಣ್ಣಿಗೆ ಕಾಣುತ್ತಿತ್ತು. ಬರಿಯ ಭಾಷಣಕ್ಕೆ ನಿಲ್ಲದೆ, ಇಂಗ್ಲಿಷ್ ಕಲಿಯಬೇಕೆನ್ನುವವರಿಗೆ ಕಲಿಸುತ್ತೇನೆಂದು ಮುಂದೆ ಬಂದರು. ಬಂದವರು ಮೂವರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವನು. ಅವರವರಿದ್ದಲ್ಲಿಗೇ ಹೋಗಿ ಪಾಠ ಹೇಳಿದರು. "ನಾನು ಹೇಗೆ ಕಾಣುತ್ತೇನೆ" ಎಂಬ ಯೋಚನೆ ಇದ್ದಲ್ಲಿ "ಇವರಿಗೆ ಏನಾಗಬೇಕು" ಎಂಬ ಯೋಚನೆ ಬಂದು ಕುಳಿತಿತು. 1934ರಲ್ಲಿ ಅವರು ನಮ್ಮ ಉಡುಪಿಗೆ ಬಂದಾಗಲೂ ಅವರದು ಅಬ್ಬರದ ವಾಗ್ಮಿತೆಯಾಗಿರಲಿಲ್ಲ, ಮೆಲ್ಲನೆಯ ಮಾತೇ. ಮಾತಿಗೆ ಹಿಂಜರಿಯುವ ಸ್ವಭಾವದಿಂದ ಶಬ್ದಗಳನ್ನು ಹಿತಮಿತವಾಗಿ ಬಳಸುವುದನ್ನು ಕಲಿತೆನೆಂದು ಅವರು ಬರೆದಿದ್ದಾರೆ. ಮಾತು ಬಾರದವನು ಮುಂದಾಳಾಗಲಾರನೆಂಬುದು ಸುಳ್ಳು.

ದೂರದ ಕಥೆ ಬೇಡವೆಂದರೆ ಈ ಊರಿನದೇ ಒಂದಿದೆ. ಡಾ. ಟಿ. ಎಂ. ಎ. ಪೈ ಅವರು 1898ರಲ್ಲಿ ಹುಟ್ಟಿದ್ದು ಇದೇ ಕಲ್ಯಾಣಪುರದಲ್ಲಿ. 1925ರಲ್ಲಿ, ಈ ಸೀಮೆಯ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದಾಗ, ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಹುಟ್ಟಿತು. ಹುಟ್ಟಿಸಿದ ಮೂವರನ್ನು ನೋಡಿ. ಉಪೇಂದ್ರ ಪೈ ಅವರು ವ್ಯಾಪಾರಿ, ವಾಮನ ಕುಡ್ವರು ಇಂಜಿನಿಯರು, ಟಿ. ಎಂ. ಎ. ಪೈ ಅವರು ವೈದ್ಯರು. ಮೂವರಲ್ಲಿ ಬ್ಯಾಂಕಿನ ವೃತ್ತಿಯವರು ಒಬ್ಬರೂ ಇಲ್ಲ! ಬಂಡವಾಳ 8,000 ರೂಪಾಯಿ. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಕೂಡಿಸುವ ಕ್ರಮ. ಅದೇ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದು, 1969ರಲ್ಲಿ ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಒಂದಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. "ಇದು ನಮ್ಮ ಕಸುಬಲ್ಲ" ಎಂದು ಆ ಮೂವರು ಕೈಕಟ್ಟಿ ಕುಳಿತಿದ್ದರೆ ಕಾರಣ ನ್ಯಾಯವಾಗಿಯೇ ಇರುತ್ತಿತ್ತು. ಅವರು ಮೂರು ಬಗೆಯ ತಿಳಿವಳಿಕೆಯನ್ನು ಕೂಡಿಸಿದರು, ಕೈಗೆ ಎಟಕುವ ಅಳತೆಯಿಂದ ಆರಂಭಿಸಿದರು. ಹತ್ತು ಜನರ ಕಡ್ಡಿ ಒಬ್ಬನಿಗೆ ಹೊರೆ ಎನ್ನುತ್ತೇವಲ್ಲ, ಮುಂದಾಳಿನ ಕೆಲಸಕ್ಕೂ ಅದೇ ಮಾತು.

ಒಂದು ಕೆಲಸವನ್ನು ಪೂರೈಸಿರಿ

ಅಳುಕನ್ನು ಕೂತು ಯೋಚಿಸಿ ಕಳೆಯಲಾಗದು. ಯೋಚಿಸಿದಷ್ಟೂ ಅದು ಬೆಳೆಯುತ್ತದೆ. ಒಂದು ಸಣ್ಣ ಕೆಲಸವನ್ನು ಕೊನೆ ಮುಟ್ಟಿಸಿದಾಗ ಅದು ತಾನಾಗಿ ಒಂದು ಗೇಣು ಇಳಿಯುತ್ತದೆ.

ಕಿಂಡಿ ಅಣೆಕಟ್ಟಿನ ಉದಾಹರಣೆ ತೆಗೆದುಕೊಳ್ಳಿ. ಮಳೆ ನಿಂತು ಹೊಳೆಯ ಹರಿವು ತಗ್ಗಿದ ಮೇಲೆ ತಕ್ಕ ಕಾಲಕ್ಕೆ ಹಲಗೆ ಇಳಿಸಬೇಕು. ತಡವಾದರೆ ಸಿಹಿನೀರು ಹರಿದುಹೋಗುತ್ತದೆ. ಅಳಿವೆಗೆ ಹತ್ತಿರದ ಬಯಲುಗಳಲ್ಲಿ ಭರತದ ಉಪ್ಪುನೀರು ಮೇಲೇರಿ ಗದ್ದೆಗೂ ಬಾವಿಗೂ ನುಗ್ಗುತ್ತದೆ. ಸುಗ್ಗಿ ಬೆಳೆಗೆ ಪೆಟ್ಟು. ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆಯಬೇಕು. ಮರೆತರೆ ನೆರೆಯ ನೀರು ಬದಿ ಕೊರೆಯುತ್ತದೆ. ಇಲ್ಲಿ ಮುಂದಾಳು ಹಲಗೆಗಳನ್ನು ಒಬ್ಬನೇ ಹೊರಬೇಕಾಗಿಲ್ಲ. ನೀರಿನ ಲಕ್ಷಣ ಬಲ್ಲ ಹಿರಿಯ ಕೃಷಿಕರನ್ನು ಕೇಳಬೇಕು. ಹಲಗೆ ಸರಿಯಿದೆಯೇ ಎಂದು ಮೊದಲೇ ನೋಡಿಸಬೇಕು. ದಿನ ಗೊತ್ತುಮಾಡಿ ಮನೆಮನೆಗೆ ತಿಳಿಸಬೇಕು. ಆ ದಿನ ತಾನೂ ಅಲ್ಲಿರಬೇಕು. "ನಾನು ದಿನ ನಿಶ್ಚಯಿಸಿದರೆ ಯಾರು ಬಂದಾರು" ಎಂದು ಅಳುಕಿ ಎರಡು ವಾರ ಕಳೆದರೆ ಹೊಳೆ ಕಾಯುವುದಿಲ್ಲ. ಹತ್ತು ಮಂದಿಗೆ ಹೇಳಿ ಆರು ಮಂದಿ ಬಂದರೂ ಹಲಗೆ ಇಳಿಯುತ್ತದೆ. ಹಲಗೆ ಇಳಿದು ನೀರು ನಿಂತ ಸಂಜೆ ಆ ಮುಂದಾಳಿಗೆ ಸಿಗುವ ಧೈರ್ಯ ನನ್ನ ಹತ್ತು ಭಾಷಣಗಳಿಂದ ಸಿಗದು.

ಆದ್ದರಿಂದ ಅಧಿಕಾರ ಬಂದ ಮೊದಲ ತಿಂಗಳಲ್ಲಿ ಊರನ್ನೇ ಬದಲಾಯಿಸುವ ಘೋಷಣೆ ಬೇಡ. ಉರಿಯದ ಒಂದು ಬೀದಿದೀಪ, ಸೋರುವ ಒಂದು ನಳ್ಳಿ, ತಡೆದು ನಿಂತ ಒಬ್ಬ ಅಜ್ಜಿಯ ಪಿಂಚಣಿ ಅರ್ಜಿ. ಒಂದನ್ನು ಹಿಡಿಯಿರಿ, ಮುಗಿಸಿರಿ. ಮುಗಿದ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಅಳುಕಿದ ರಾತ್ರಿ ಆ ಪುಸ್ತಕವನ್ನು ತೆರೆದು ಓದಿರಿ. ನಮ್ಮ ಮನಸ್ಸಿಗೆ ಆಗದೆ ಉಳಿದದ್ದೇ ಹೆಚ್ಚು ನೆನಪು. ಆದದ್ದನ್ನು ಕಾಗದವೇ ನೆನಪಿಡಬೇಕು.

ಸೋದರಿಯರಿಗೂ ಮನೆಯವರಿಗೂ

ಇಲ್ಲಿ ಕುಳಿತ ಸೋದರಿಯರಿಗೆ ಒಂದು ಮಾತು. 1983ರ ನಮ್ಮ ರಾಜ್ಯದ ಕಾಯಿದೆ ಮಂಡಲ ಪಂಚಾಯತುಗಳಲ್ಲಿ ಶೇಕಡಾ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಇಡೀ ದೇಶಕ್ಕೆ ಮೂರನೆಯ ಒಂದು ಪಾಲೆಂದಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. "ಮೀಸಲಾತಿಯಿಂದ ಬಂದವಳು" ಎಂದು ಯಾರಾದರೂ ಚುಚ್ಚಿದರೆ ಕುಗ್ಗಬೇಡಿ. ಮೀಸಲಾತಿ ಬಾಗಿಲು ತೆರೆದದ್ದು ನಿಜ. ಒಳಗೆ ಕಳುಹಿಸಿದ್ದು ಊರವರ ಮತ. ಮನೆಯ ತಿಂಗಳ ಖರ್ಚನ್ನು ಸರಿತೂಗಿಸಿದವರಿಗೆ, ಸ್ವಸಹಾಯ ಗುಂಪಿನ ಸಾಲದ ಲೆಕ್ಕ ಇಟ್ಟವರಿಗೆ, ಸಂತೆಯಲ್ಲಿ ಮೀನು, ತರಕಾರಿ ಮಾರಿ ಚೌಕಾಸಿ ನಡೆಸಿದವರಿಗೆ ಲೆಕ್ಕವೂ ಮಾತುಕತೆಯೂ ಹೊಸತಲ್ಲ.

ಮನೆಯ ಗಂಡಸರಿಗೂ ಹೇಳಬೇಕಾದ್ದಿದೆ. ಹೆಂಡತಿಯನ್ನು ಸಭೆಗೆ ಬೈಕಿನಲ್ಲಿ ಕರೆತಂದು ಬಿಡಿರಿ. ಹೊತ್ತಿಗೆ ಮನೆಯ ಅನ್ನ ಬೇಯಿಸಿರಿ. ಕೇಳಿದರೆ ಕಾಗದ ಓದಿ ಹೇಳಿರಿ. ಸಭೆಯ ಬಾಗಿಲಿನಿಂದ ಒಳಗೆ ಬರಬೇಡಿ. ಅವರ ಕುರ್ಚಿಯಲ್ಲಿ ನೀವು ಕುಳಿತ ದಿನ ಅವರ ಅಳುಕನ್ನು ನೀವೇ ನಿಜ ಮಾಡಿದಂತಾಯಿತು.

ಊರವರ ಪಾಲು ಏನು? ಮತ್ತೆ ಉತ್ತರಕುಮಾರನ ಕಥೆಗೇ ಹೋಗೋಣ. ಓಡುವವನನ್ನು ಬೃಹನ್ನಳೆ ಹಿಡಿದು ತಂದು, "ಹೇಡಿ" ಎಂದು ಊರಿಗೆ ಅಟ್ಟಲಿಲ್ಲ. ಮೊದಲು ಶಮೀವೃಕ್ಷ ಹತ್ತಿಸಿ ಆಯುಧಗಳ ಕಟ್ಟನ್ನು ಇಳಿಸುವ ಕೆಲಸ ಕೊಟ್ಟ. ಅದಾದ ಮೇಲೆ ಕುದುರೆಗಳ ಹಗ್ಗ ಕೈಗೆ ಕೊಟ್ಟ. ಆ ಹುಡುಗ ಭೀಷ್ಮ ದ್ರೋಣರ ಎದುರಿಗೇ ರಥ ನಡೆಸಿದ. ಅನುಭವಿಗಳಾದ ಹಿರಿಯರು ಹೊಸಬರೊಂದಿಗೆ ಹೀಗೆ ನಡೆದುಕೊಳ್ಳಬೇಕು. ಸಭೆಯಲ್ಲಿ ತಡವರಿಸಿದವರನ್ನು ಹೋಟೆಲಿನಲ್ಲಿ ಅಣಕಿಸುವ ಊರಿಗೆ ಒಳ್ಳೆಯ ಮುಂದಾಳು ಸಿಗುವುದು ಕಷ್ಟ.

ಕೊನೆಯ ಎರಡು ಮಾತು

ಅಳುಕು ಪೂರ್ತಿ ಹೋಗಲೆಂದು ನಾನು ಹಾರೈಸುವುದಿಲ್ಲ. ಸ್ವಲ್ಪ ಅಳುಕು ಇರಲಿ. ಊರಿನ ಹಣಕ್ಕೆ ಸಹಿ ಹಾಕುವಾಗ ಕೈ ಒಂದು ಕ್ಷಣ ತಡೆಯುವುದು ಒಳ್ಳೆಯದು. ಜವಾಬ್ದಾರಿಯ ತೂಕ ತಿಳಿದವರಿಗೇ ಅದು ಬರುತ್ತದೆ. ಆ ಕ್ಷಣದಲ್ಲಿ ಪ್ರಶ್ನೆ ಕೇಳಿದರೆ ಅಳುಕು ನಿಮ್ಮ ಕೆಲಸದಾಳಾಯಿತು. ಬಾಯಿ ಮುಚ್ಚಿದರೆ ಅದೇ ನಿಮ್ಮ ಯಜಮಾನನಾಯಿತು.

ಆದರೆ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಟ್ಟಲೆ ಹೋದರೆ ಅದನ್ನು ಅಳುಕೆಂದು ಸುಮ್ಮನಿರಬಾರದು. ಜ್ವರಕ್ಕೆ ವೈದ್ಯರಿರುವಂತೆ ಅದಕ್ಕೂ ವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಇದರಲ್ಲಿ ನಾಚಿಕೆಗೆ ಎಡೆಯಿಲ್ಲ.

ನಿಮ್ಮ ಮುಂದಿನ ಸಭೆ ಎಂದೇ ಇರಲಿ, ಹೋಗುವ ಮುಂಚೆ ಒಂದು ಚೀಟಿಯಲ್ಲಿ ನಿಮಗೆ ತಿಳಿಯದ ಒಂದು ಸಂಗತಿಯನ್ನು ಬರೆದುಕೊಂಡು ಹೋಗಿರಿ. ಸಭೆ ಮುಗಿಯುವುದರೊಳಗೆ ಅದನ್ನು ಎದ್ದು ನಿಂತು ಕೇಳಿರಿ. ಸ್ವರ ನಡುಗಿದರೆ ನಡುಗಲಿ, ಪ್ರಶ್ನೆ ಪೂರ್ತಿಯಾಗಲಿ. ಇಷ್ಟನ್ನು ಮಾಡುತ್ತೇವೆಂದು ನೀವು ಮನಸ್ಸು ಮಾಡಿದರೆ ಈ ಮಧ್ಯಾಹ್ನದ ಬಿಸಿಲಿನಲ್ಲಿ ನಿಮ್ಮನ್ನು ಇಷ್ಟು ಹೊತ್ತು ಕೂರಿಸಿದ್ದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.